ಸ್ವೀಡನ್ನಿನಲ್ಲಿ ಓಡಿದ ಬೂಟುಗಳಿಗೆ ಮೊಳೆ ಹೊಡೆದವರು

ಬೆಳಗಿನ ಐದೂವರೆ. ಹ್ಯಾಲೋಬ್ರೂಕ್ ಗಿರಣಿಯ ಸಿಳ್ಳೆ ಇನ್ನೂ ಕೂಗಿಲ್ಲ. ಫುಟ್‌ಬಾಲ್ ಮೈದಾನದ ಹಿಂದಿನ ಹಲಗೆ ಶೆಡ್ಡಿನಲ್ಲಿ ಇನಾಕ್ ಥ್ರೆಲ್‌ಫಾಲ್ ಆಗಲೇ ಬಾಯ್ತುಂಬ ಮೊಳೆ ಇಟ್ಟುಕೊಂಡು ಕೂತಿದ್ದಾರೆ. ಒಂದೊಂದೇ ಮೊಳೆ ತುಟಿಯಿಂದ ಬೆರಳಿಗೆ, ಬೆರಳಿನಿಂದ ಬೂಟಿನ ಅಟ್ಟೆಗೆ ಹೋಗುತ್ತದೆ.

ಅರವತ್ತೊಂದರ ಇನಾಕ್ ಮಳೆಯ ನಾಡು ಲ್ಯಾಂಕಾಷೈರ್ ಬಿಟ್ಟು ಕಡಲು ದಾಟಿ ಮ್ಯಾಸಚೂಸೆಟ್ಸ್‌ನ ಈ ಊರಿಗೆ ಬಂದು ಮೂವತ್ತು ವರ್ಷ. ಗಿರಣಿಯ ಯಂತ್ರ ಎರಡು ಬೆರಳು ನುಂಗಿದ ಮೇಲೆ ಬೂಟು ಹೊಲಿಯುವುದನ್ನು ಕಲಿತರು. ಗಿರಣಿ ತಂಡದ ಹದಿನೈದು ಆಟಗಾರರಿಗೆ ತಲೆಗೆರಡು ಜೊತೆ, ಅಂದರೆ ಅರವತ್ತು ಬೂಟು. ನೆಲ ಕಚ್ಚಿ ಹಿಡಿಯಲು ಬೂಟಿನ ಅಟ್ಟೆಗೆ ಆರು ಚರ್ಮದ ಗುಬುಟು, ಗುಬುಟಿಗೆ ಮೂರು ಮೊಳೆ. ಎಲ್ಲಕ್ಕೂ ಇವರೊಬ್ಬರದೇ ಕೈ.

ಹೋದ ವರ್ಷ, 1919ರಲ್ಲಿ, ಮಹಾಯುದ್ಧ ಮುಗಿದ ಮೊದಲ ಬೇಸಿಗೆಯಲ್ಲಿ, ತಂಡ ಇನಾಕ್‌ರನ್ನೂ ಕರೆದುಕೊಂಡು ಹಡಗು ಹತ್ತಿ ಸ್ವೀಡನ್ನಿಗೆ ಹೋಯಿತು. ಇನಾಕ್‌ರಂತೆಯೇ ಕಡಲು ದಾಟಿ ಬಂದ ನಮ್ಮ ಆಟಗಾರರು ಹುಟ್ಟೂರಿನ ಕೆಸರನ್ನೇ ನೆನೆದು ಎತ್ತರದ ಗುಬುಟು ಹೊಡೆಸಿಕೊಂಡಿದ್ದರು. ಅಲ್ಲಿ ನೋಡಿದರೆ ನೆಲ ಕಲ್ಲಿನಂತೆ ಗಟ್ಟಿ. ಗುಬುಟು ಕಿತ್ತು ಅಟ್ಟೆಗೆ ಚರ್ಮದ ಅಡ್ಡಪಟ್ಟಿ ಹೊಡೆಯೋಣ ಎಂದು ಇನಾಕ್ ಹೇಳಿದಾಗ ನಾಯಕ ಡೂಗಲ್ಡ್ ಮೆಕ್‌ಕ್ವಿಲ್ಕಿನ್ ನಕ್ಕುಬಿಟ್ಟರು. "ಅಜ್ಜನ ಕಾಲದಿಂದ ಹಿಂಗೇ ಆಡ್ಕೊಂಡು ಬಂದಿದೀವಿ ಮುದುಕಪ್ಪಾ. ನೀನು ಹೊಸದಾಗಿ ಹೇಳ್ಕೊಡ್ತೀಯಾ?"

ಮೊದಲ ಪಂದ್ಯದಲ್ಲಿ ಎಲ್ಲರೂ ಜಾರಿ ಬಿದ್ದು ನಾಲ್ಕು ಗೋಲು ತಿಂದರು. ಅದೇ ನಾಯಕ ಮರುದಿನ ಬೂಟು ಕೈಯಲ್ಲಿ ಹಿಡಿದು ಬಂದರು. ಇನಾಕ್ ಗುಬುಟು ಕಿತ್ತು ಎಲ್ಲರ ಬೂಟಿಗೂ ಪಟ್ಟಿ ಹೊಡೆದುಕೊಟ್ಟರು. ಉಳಿದ ಐದು ಪಂದ್ಯಗಳಲ್ಲಿ ತಂಡ ಒಂದನ್ನೂ ಸೋಲಲಿಲ್ಲ.

ಊರಿಗೆ ಮರಳಿದಾಗ ಔತಣ ನಡೆಯಿತು. ಆಟಗಾರರಿಗೆ ಬೆಳ್ಳಿ ಪದಕ. ಹವಾ ಬದಲಾವಣೆಗೆಂದು ಜೊತೆಗೆ ಹೋಗಿದ್ದ ಗಿರಣಿ ಮಾಲೀಕರ ಭಾವಮೈದುನನಿಗೂ ಪದಕ! ಇನಾಕ್‌ಗೆ ಅಡುಗೆಮನೆಯಲ್ಲಿ ಊಟ. ನಾಚಿಕೆ ಬೇಡವೇ ಈ ಜನಕ್ಕೆ?

ಬರುವ ತಿಂಗಳು ತಂಡ ಮತ್ತೆ ಸ್ವೀಡನ್ನಿಗೆ ಹೊರಡುತ್ತಿದೆ. ಹಡಗು ಹತ್ತುವವರಲ್ಲಿ ಭಾವಮೈದುನನಿದ್ದಾನೆ, ಇನಾಕ್ ಇಲ್ಲ. ಸ್ವೀಡನ್ನಿನಲ್ಲಿ ಬೂಟು ರಿಪೇರಿಯವರು ಸಿಗುವುದಿಲ್ಲವೇ ಎಂದು ಕಚೇರಿಯವರು ಕೇಳುತ್ತಾರೆ. ಅರವತ್ತು ಬೂಟಿಗೂ ಪಟ್ಟಿ ಹೊಡೆದಿಡಲು ಮಾತ್ರ ಇವರೇ ಬೇಕು. ಇನಾಕ್ ಪರವಾಗಿ ಮೆಕ್‌ಕ್ವಿಲ್ಕಿನ್ ಎರಡು ಸಲ ಕಚೇರಿಗೆ ಹೋಗಿ ಜಗಳವಾಡಿ ಬಂದಿದ್ದಾರೆ. "ಆಟದ ಮಧ್ಯೆ ಪಟ್ಟಿ ಕಿತ್ಬಂದ್ರೆ ಆ ಮಹಾನುಭಾವ ಹೊಡೀತಾನಾ ಮೊಳೆ?" ಎಂದು ಕೇಳಿದರಂತೆ.

ಇನಾಕ್‌ಗೆ ಸಿಟ್ಟು ಬರುವುದಿಲ್ಲ. ಅದನ್ನು ನೋಡಿದರೆ ನೋಡುವವರಿಗೇ ಮೈ ಉರಿಯುತ್ತದೆ. ಅಲ್ಲಿನ ಆಟಗಳಲ್ಲಿ ಯಾವುದು ಚೆನ್ನಾಗಿತ್ತು ಎಂದು ಕೇಳಿದರೆ ಸುತ್ತಿಗೆ ಕೆಳಗಿಡುತ್ತಾರೆ.

"ಒಂದೂ ನೋಡ್ಲಿಲ್ಲ ಸ್ವಾಮಿ. ಅವ್ರು ಒಂದ್ ಜೊತೆ ಹಾಕ್ಕೊಂಡು ಆಡೋವಾಗ ನಾನು ಒಳಗೆ ಇನ್ನೊಂದ್ ಜೊತೆ ರಿಪೇರಿ ಮಾಡ್ತಿದ್ದೆ. ಜನ ಕೂಗಿದ್ರೆ ಗೋಲಾಯ್ತು ಅಂತ ಗೊತ್ತಾಗೋದು. ಯಾರ್ದು ಅಂತ ತಿಳೀತಿರ್ಲಿಲ್ಲ."

ಪದಕ ಬೇಡವಂತೆ ಅವರಿಗೆ.

"ಹೊರಗೆ ಕೂತು ಒಂದಾಟ ನೋಡ್ಬೇಕು. ನಾನು ಹೊಡೆದ ಪಟ್ಟಿ ಆ ನೆಲಾನ ಹೆಂಗೆ ಹಿಡಿಯುತ್ತೆ ಅಂತ ಅಲ್ಲಿನ ಊರೆಲ್ಲ ನೋಡೈತೆ, ನಾನು ನೋಡಿಲ್ಲ."