‘ತಲುಪಿತು’ ಆಂಟಿ

ಆಂಟಿಯ ತಲೆಯಲ್ಲಿ ಎರಡು ಬೈತಲೆಗಳಿದ್ದವು. ಒಂದು ಎಲ್ಲ ಹೆಂಗಸರಿಗೂ ಇರುವಂಥದ್ದು, ಹಣೆಯಿಂದ ಹಿಂದಕ್ಕೆ. ಇನ್ನೊಂದು ಅದಕ್ಕೆ ಅಡ್ಡಲಾಗಿ, ಈ ಕಿವಿಯಿಂದ ಆ ಕಿವಿಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದಷ್ಟು ಕಾಲವೂ ಹೆಡ್‌ಫೋನಿನ ಪಟ್ಟಿ ಕೂತು ಕೂತು ಅಲ್ಲಿ ಕೂದಲು ತಗ್ಗಿಹೋಗಿತ್ತು. ನಿವೃತ್ತರಾದ ಮೇಲೆ ಎಷ್ಟು ಎಣ್ಣೆ ತಿಕ್ಕಿದರೂ ಮತ್ತೆ ಏಳಲಿಲ್ಲ. “ಸರ್ಕಾರ ಕೊಟ್ಟ ಕಿರೀಟ ಕಣಪ್ಪ, ಪಿಂಚಣಿ ಜೊತೆ ಇದೂ ಬಂತು,” ಎಂದು ಆ ತಗ್ಗಿನ ಮೇಲೆ ಬೆರಳಾಡಿಸಿ ನಗುತ್ತಿದ್ದರು.

ಅವರನ್ನು ನಾನು ಕಂಡದ್ದು ವಿಜಯನಗರದ ಒಂದು ಹಿಟ್ಟಿನ ಗಿರಣಿಯ ಮಹಡಿಯ ಮೇಲೆ. ಅಲ್ಲಿ ನಮ್ಮ ಪುಟ್ಟ ಸಂಘದ ಕೋಣೆಯಿತ್ತು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಹುಡುಕಿಕೊಡುವುದು ಸಂಘದ ಕೆಲಸ. ವಿದ್ಯಾರ್ಥಿ ಉತ್ತರ ಹೇಳುತ್ತಾ ಹೋಗಬೇಕು, ಪಕ್ಕದಲ್ಲಿ ಕೂತವರು ಬರೆಯುತ್ತಾ ಹೋಗಬೇಕು. ಬರೆಯುವವರು ವಿದ್ಯಾರ್ಥಿಗಿಂತ ಕಡಿಮೆ ಓದಿದವರಾಗಿರಬೇಕು ಎಂಬುದೊಂದು ನಿಯಮ. ಹಾಗಾಗಿ ಡಿಗ್ರಿ ಮುಗಿಸಿ ಕೆಲಸದಲ್ಲಿರುವ ನಮ್ಮಂಥವರು ಬರೆಯುವಂತಿರಲಿಲ್ಲ. ನಮ್ಮ ಬೀದಿಯ, ನಮ್ಮ ಮನೆಯ ಹುಡುಗ ಹುಡುಗಿಯರನ್ನು ಒಪ್ಪಿಸಿ ಪರೀಕ್ಷೆಯ ದಿನ ಕರೆದೊಯ್ದು ಬಿಡುವುದು ನಮ್ಮ ಪಾಲಿನದು. ಯಾರು ಯಾರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬುದನ್ನೆಲ್ಲ ಆಂಟಿ ಒಂದೇ ಒಂದು ಫೋನಿನಲ್ಲಿ ನಡೆಸುತ್ತಿದ್ದರು. ಕೆಳಗೆ ಗಿರಣಿ ಶುರುವಾದರೆ ಮಾತು ಕೇಳುತ್ತಿರಲಿಲ್ಲ. ಆಗ ಒಂದು ಕಿವಿಗೆ ಸೆರಗು ಒತ್ತಿಕೊಂಡು ಇನ್ನೊಂದರಲ್ಲಿ ಆಲಿಸುವರು. ಬಾಯಲ್ಲಿ ಸದಾ ಶುಂಠಿ ಪೆಪ್ಪರ್‌ಮಿಂಟು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ವಿದ್ಯಾರ್ಥಿಗಳು ಹೆಚ್ಚಾದರು, ಒಂದು ಫೋನು ಸಾಲದಾಯಿತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಂಪನಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದುದರಿಂದ ಸಂಘಕ್ಕೆ ಈಮೇಲ್ ವ್ಯವಸ್ಥೆ ಮಾಡಿಕೊಡು ಎಂದು ನನ್ನನ್ನೇ ಹಿಡಿದರು. ಸಂಘದ ಹೆಸರಿನಲ್ಲೇ ಎಲ್ಲರಿಗೂ ಒಂದೊಂದು ವಿಳಾಸ, ಒಬ್ಬರು ಕಳಿಸಿದರೆ ಎಲ್ಲರಿಗೂ ಹೋಗುವ ಒಂದು ಗುಂಪು, ಎಲ್ಲರೂ ಒಟ್ಟಿಗೆ ನೋಡಬಹುದಾದ ಪರೀಕ್ಷೆಗಳ ಕ್ಯಾಲೆಂಡರು, ಇಷ್ಟನ್ನು ಕೆಲವು ಭಾನುವಾರ ಕೂತು ಸಿದ್ಧಮಾಡಿದೆ. ಕೀಬೋರ್ಡಿನ ಮೇಲೆ ದಿನವೂ ರಾಗಿಹಿಟ್ಟು ಕೂರುತ್ತಿತ್ತು. ಆಂಟಿ ಅದನ್ನು ಸೆರಗಿನಿಂದ ಒರೆಸಿ, ಸರಸ್ವತಿಗೆ ಮುಗಿಯುವಂತೆ ಮುಗಿದು, ಪಾಠಕ್ಕೆ ಕೂರುತ್ತಿದ್ದರು.

ಹೆದರುತ್ತಾರೇನೋ ಅಂದುಕೊಂಡಿದ್ದೆ. ಗುಂಪಿನ ಮೇಲ್ ಹೇಗೆ ಹೋಗುತ್ತದೆಂದು ತೋರಿಸಿದ ಕೂಡಲೇ ಅವರ ಮುಖ ಅರಳಿತು.

“ಅಯ್ಯೋ, ಇದು ನಮ್ಮ ಎಕ್ಸ್‌ಚೇಂಜ್ ಬೋರ್ಡೇ ಕಣೋ. ಒಂದು ಕಡೆ ಚುಚ್ಚಿದ್ರೆ ಎಲ್ಲಾರ ಮನೇಲೂ ಗಂಟೆ ಹೊಡಿಯುತ್ತೆ. ಸರಿ, ಅವರು ಎತ್ತಿದ್ರು ಅಂತ ಹೇಗೆ ಗೊತ್ತಾಗೋದು?”

“ಇಲ್ಲಿ ‘ಸೆಂಟ್’ ಅಂತ ಬರುತ್ತಲ್ಲ ಆಂಟಿ.”

“ಅದು ನೀನು ಕಳಿಸ್ದೆ ಅಂತ. ಅವರಿಗೆ ಮುಟ್ತಾ?”

ಅದಕ್ಕೆ ಅವರೇ ಒಂದು ದಾರಿ ಕಂಡುಕೊಂಡರು. ಗುಂಪಿಗೆ ಯಾರಿಂದ ಏನೇ ಬರಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದನ್ನೇ ಹುಡುಕಿ ಒತ್ತಿ ‘ತಲುಪಿತು’ ಎಂದು ಬರೆದು ಎಲ್ಲರಿಗೂ ಕಳಿಸುವುದು. ಪರೀಕ್ಷೆಯ ದಿನಾಂಕ ಬಂದರೆ ‘ತಲುಪಿತು’. ದೀಪಾವಳಿಯ ಶುಭಾಶಯ ಬಂದರೂ ‘ತಲುಪಿತು’. ನಮ್ಮ ವಿದ್ಯಾರ್ಥಿಗಳ ಕಂಪ್ಯೂಟರು ಪರದೆಯ ಮೇಲಿರುವುದನ್ನು ಓದಿಹೇಳುತ್ತದೆ. ಆ ಯಂತ್ರಕ್ಕೆ ಬರುವುದು ಇಂಗ್ಲಿಷಿನವರ ನಾಲಿಗೆ ಮಾತ್ರ. ಹೀಗಾಗಿ ಅವರ ಹಾಸ್ಟೆಲ್ಲಿನಲ್ಲೆಲ್ಲ ‘ಟ್ಯಾಲೂಪಿಟೂ, ಟ್ಯಾಲೂಪಿಟೂ’ ಎಂದು ಕೇಳಿ ಕೇಳಿ ಹುಡುಗರು ಆಂಟಿಗೆ ಅದೇ ಹೆಸರಿಟ್ಟರು. ಫೋನ್ ಎತ್ತಿದರೆ “ಟ್ಯಾಲೂಪಿಟೂ ಆಂಟಿ, ಆರಾಮಾ?” ಎಂದೇ ಶುರು. “ಆರಾಮಪ್ಪ, ಒದೆ ತಿಂತೀಯಾ ಬಾ,” ಎಂದು ಇವರು.

ಈ ಚಾಳಿ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದೆ. ಕೆಳಗೆ ಗಿರಣಿ ನಿಂತಿದ್ದ ಹೊತ್ತು. ಪೆಪ್ಪರ್‌ಮಿಂಟನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿ ಹೇಳಿದರು:

“ನಾನು ಹೊಸಬಳು ಆಗ. ಒಬ್ಬರು ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದ್ರು, ಹಾಸನಕ್ಕೆ. ಲೈನ್ ಕೊಟ್ಟೆ. ಆ ಕಡೆ ‘ಹಲೋ’ ಅಂದ್ರು. ಸರಿ ಅಂತ ನಾನು ಕಿವಿ ತೆಗ್ದು ಬೇರೆ ಕಾಲಿಗೆ ಹೋದೆ. ಆಮೇಲೆ ಆಯಪ್ಪ ಮತ್ತೆ ಫೋನ್ ಮಾಡಿ, ‘ಅಮ್ಮ, ನಂಗೇನೂ ಕೇಳಿಸ್ಲಿಲ್ಲ, ಅವರಿಗೂ ಕೇಳಿಸ್ಲಿಲ್ಲ’ ಅಂದ್ರು. ಅಷ್ಟೊತ್ತಿಗೆ ಹಾಸನದ ಲೈನೇ ಸತ್ತೋಗಿತ್ತು. ಏನು ಸುದ್ದಿಯೋ ಏನೋ, ನಂಗೆ ಇವತ್ತಿಗೂ ಗೊತ್ತಿಲ್ಲ. ಲೈನ್ ಕೊಟ್ಟ ಮೇಲೆ ಕಿವಿ ತೆಗೀಬಾರ್ದು ಕಣಪ್ಪ. ಅವರು ಮಾತಾಡ್ಕೊಂಡ್ರು ಅಂತ ಗೊತ್ತಾಗೋವರೆಗೂ ತೆಗೀಬಾರ್ದು.”

‘ಹೇಳಿದ್ದಾಯಿತು ಅನ್ನಬೇಡ, ಕೇಳಿದ್ದಾಯಿತಾ ನೋಡು’ ಎಂದು ನಮ್ಮಜ್ಜಿ ಗದರುತ್ತಿದ್ದುದು ನೆನಪಾಯಿತು. ಅಜ್ಜಿ ಇದ್ದಿದ್ದರೆ ಇವರಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ಆದರೆ ಸಂಘದಲ್ಲಿ ಎಲ್ಲರಿಗೂ ಅಜ್ಜಿಯ ತಾಳ್ಮೆ ಎಲ್ಲಿಂದ ಬರಬೇಕು? ದಿನವಿಡೀ ಆಫೀಸಿನ ಮೇಲ್ ನೋಡಿ ದಣಿದವರು ಅವರು. ಒಬ್ಬ ಕಾರ್ಯಕರ್ತ, ಒಳ್ಳೆಯ ಹುಡುಗನೇ, ಗುಂಪಿಗೆ ಬರೆದ: ‘ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ಮ ತಲುಪಿತುಗಳಿಂದ ಇನ್‌ಬಾಕ್ಸ್ ತುಂಬ್ತಾ ಇದೆ. ನೀವು ಓದ್ಕೊಂಡ್ರೆ ಸಾಕು.’

ಆಂಟಿ ಅದಕ್ಕೂ ಎಲ್ಲರಿಗೂ ಹೋಗುವಂತೆ ‘ತಲುಪಿತು’ ಎಂದು ಉತ್ತರಿಸಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾರನೆಯ ದಿನದಿಂದ ನಿಲ್ಲಿಸಿಬಿಟ್ಟರು. ಬೇಸರವಾಯಿತಾ ಎಂದರೆ, “ಛೆ, ಕಾಲಕ್ಕೆ ತಕ್ಕ ಹಾಗೆ ಇರ್ಬೇಕಪ್ಪ,” ಎಂದರು. ಒಂದು ಭಾನುವಾರ ಮಾತ್ರ ನೋಡಿದೆ. ಮೇಲ್ ಓದಿ ಮುಗಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪರದೆಯ ಕಡೆ ನೋಡುತ್ತಾ ಬರಿಯ ತುಟಿಯಲ್ಲಿ ‘ತಲುಪಿತು’ ಅನ್ನುತ್ತಿದ್ದರು.

ಆ ಬೇಸಿಗೆಯ ಪರೀಕ್ಷೆಗಳಲ್ಲಿ ಗದಗಿನ ಕಡೆಯ ಹುಡುಗಿಯೊಬ್ಬಳಿದ್ದಳು. ಹುಟ್ಟಿನಿಂದಲೇ ಕಣ್ಣಿಲ್ಲ. ಬಿ.ಎ.ಯಲ್ಲಿ ಎಲ್ಲ ಮುಗಿದು ಇತಿಹಾಸದ ಒಂದು ಪೇಪರು ಉಳಿದುಹೋಗಿತ್ತು. ಅದಾದರೆ ಬಿ.ಎಡ್. ಸೇರಿ ಟೀಚರಾಗಬಹುದು. ಆಗದಿದ್ದರೆ ಊರಿಗೆ ವಾಪಸ್ ಬಂದುಬಿಡು, ಇನ್ನು ಬೆಂಗಳೂರು ಸಾಕು ಎಂದು ಅವಳ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಅವಳಿಗೆ ಬರೆಯಬೇಕಾಗಿದ್ದ ಪಿಯುಸಿ ಹುಡುಗಿಗೆ ಹಿಂದಿನ ದಿನ ಸಂಜೆ ಜ್ವರ ಬಂತು. ಕರೆದೊಯ್ಯಬೇಕಾದವನು ಗುಂಪಿಗೆ ಮೇಲ್ ಹಾಕಿದ, ‘ದಯವಿಟ್ಟು ಯಾರಾದರೂ ಬೇರೆಯವರನ್ನು ಕಳಿಸಿ’ ಎಂದು. ಎಲ್ಲರೂ ಓದಿದರು. ಯಾರಾದರೂ ಕಳಿಸುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ನಾನಂತೂ ಕಂಪನಿ ಕೆಲಸದ ಮೇಲೆ ತುಮಕೂರಿನಲ್ಲಿದ್ದೆ. ಮುಂದಿನದು ಆ ಹುಡುಗಿ ಮತ್ತು ಆಂಟಿ ಹೇಳಿ ಕೇಳಿದ್ದು.

ಆಂಟಿಯ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದು ಮೇಲ್ ನೋಡಿದರೆ ಆ ಕೋರಿಕೆ ಇದೆ, ಅದರ ಕೆಳಗೆ ಯಾರ ಉತ್ತರವೂ ಇಲ್ಲ. ತಮ್ಮ ಮೊಬೈಲಿನಿಂದ ಹುಡುಗಿಗೆ ಫೋನ್ ಮಾಡಿದರು.

“ಎಲ್ಲಿದೀಯಮ್ಮ?”

“ಕಾಲೇಜ್ ಗೇಟಿನ ಮುಂದ ಅದೀನ್ರೀ ಆಂಟಿ. ಯಾರೂ ಬಂದಿಲ್ರೀ.” ಅಳುತ್ತಿರಲಿಲ್ಲವಂತೆ. ಧ್ವನಿ ಮಾತ್ರ ತೀರ ಸಣ್ಣಗಿತ್ತಂತೆ.

“ಅಲ್ಲೇ ಇರು. ಫೋನ್ ಇಡ್ಬೇಡ.”

ಆಟೋದಲ್ಲಿ ಕೂತು ದಾರಿಯುದ್ದಕ್ಕೂ ಲೈನು ಬಿಡಲಿಲ್ಲ. ಸಿಗ್ನಲ್ ಬಂತು, ಬಸ್ಸು ಅಡ್ಡ ಬಂತು, ಟೋಲ್‌ಗೇಟ್ ದಾಟಿದೆವು ಎಂದು ಎಲ್ಲವನ್ನೂ ಹೇಳುತ್ತಾ ಹೋದರು. ಪರೀಕ್ಷೆಯ ಮೇಲ್ವಿಚಾರಕರು ಇವರ ನರೆಗೂದಲು ನೋಡಿ ತಡೆದರು.

“ಏನಮ್ಮ, ಬರೆಯೋರು ಅಂದ್ರೆ ಸ್ಟೂಡೆಂಟ್ ಬರ್ಬೇಕು.”

“ರೂಲ್ಸಲ್ಲಿ ವಯಸ್ಸು ಬರ್ದಿದ್ರೆ ತೋರ್ಸಿ ಸಾರ್, ವಾಪಸ್ ಹೋಗ್ತೀನಿ.”

“ಅದಲ್ಲಮ್ಮ, ಓದು ಕ್ಯಾಂಡಿಡೇಟಿಗಿಂತ ಕಡಿಮೆ ಇರ್ಬೇಕು.”

“ನಂದು ಪಿಯುಸಿ ಫೇಲು. ಇನ್ನೂ ಕಡಿಮೆ ಬೇಕಾ ಸಾರ್?”

ಸುತ್ತ ನಿಂತಿದ್ದವರು ನಕ್ಕರಂತೆ. ಆ ಫೇಲನ್ನು ಆಂಟಿ ಎಕ್ಸ್‌ಚೇಂಜಿನ ಗೆಳತಿಯರಿಂದಲೂ ಮುಚ್ಚಿಟ್ಟುಕೊಂಡು ಬಂದವರು. ಅಂದು ಪಡಸಾಲೆಯ ನಡುವೆ ನಿಂತು ಗಟ್ಟಿಯಾಗಿ ಹೇಳಿದರು. ಮೇಲ್ವಿಚಾರಕರೂ ಕೆಟ್ಟವರಲ್ಲ, ಮುಚ್ಚಳಿಕೆ ಬರೆಸಿಕೊಂಡು ಒಳಗೆ ಬಿಟ್ಟರು. ಆಂಟಿ ಹುಡುಗಿಯ ಬಾಯಿಗೊಂದು ಶುಂಠಿ ಪೆಪ್ಪರ್‌ಮಿಂಟು ಹಾಕಿ ಪೆನ್ನು ತೆಗೆದರು.

ಮುಂದಿನ ಸಭೆಗೆ ಹುಡುಗಿಯೂ ಬಂದಿದ್ದಳು. ಯಾರದು ತಪ್ಪು ಎಂದು ಆ ಕಡೆಯಿಂದ ಈ ಕಡೆಯಿಂದ ಮಾತು ಬೆಳೆಯುತ್ತಿತ್ತು. ಅವಳು ಮೆಲ್ಲಗೆ ಶುರುಮಾಡಿದಳು.

“ನಾ ಒಂದು ಮಾತು ಹೇಳ್ಲೇನ್ರೀ? ಇಷ್ಟು ಪರೀಕ್ಷೆ ಬರದೀನಿ. ನಾ ಹೇಳ್ತೀನಿ, ಅವರು ಸುಮ್ಮನ ಬರೀತಾರ. ತಲಿ ಅಲ್ಲಾಡಸ್ತಾರೇನೋ, ನನಗ ಹೆಂಗ ಗೊತ್ತಾಗಬೇಕ್ರೀ? ಬರದ್ರೋ ಇಲ್ಲೋ ಅನ್ನೋ ಅಂಜಿಕ್ಯಾಗ ಮುಂದಿಂದು ಮರತು ಹೋಗ್ತಿತ್ತು. ಆಂಟಿ ಒಂದೊಂದು ಸಾಲಿಗೂ ಸಣ್ಣಗ ‘ತಲುಪಿತು, ಮುಂದ’ ಅಂತಿದ್ರು. ಇದೊಂದು ಪರೀಕ್ಷಾದಾಗ ಅಂಜಿಕಿ ಇಲ್ಲದ ಬರದೀನ್ರೀ.”

ನಾವು ಅವಳ ಮಾತಿಗೆ ಹೌದು ಹೌದೆಂದು ತಲೆಯಾಡಿಸುತ್ತಿದ್ದೆವು. ಇನ್‌ಬಾಕ್ಸ್ ತುಂಬುತ್ತದೆ ಎಂದಿದ್ದ ಹುಡುಗನಿಗೆ ಮೊದಲು ಹೊಳೆಯಿತು. ಬಾಯಿಬಿಟ್ಟು ಹೇಳಿದ: “ತಲುಪಿತು ಕಣಮ್ಮ.”

ಅಂದಿನಿಂದ ಸಂಘದಲ್ಲಿ ಯಾವ ಕೆಲಸವಾದರೂ ಒಬ್ಬರು ‘ತಲುಪಿತು, ನಾನು ಹೋಗ್ತೀನಿ’ ಎಂದು ಬರೆದ ಮೇಲಷ್ಟೇ ಕ್ಯಾಲೆಂಡರಿನಲ್ಲಿ ಹೆಸರು ಏರುವುದು. ನಾನು ಮಾಡಿಕೊಟ್ಟ ವ್ಯವಸ್ಥೆಗೆ ಜೀವ ಬಂದದ್ದು ಆಮೇಲೆಯೇ. ಹುಡುಗಿ ಪಾಸಾದಳು. ಆಂಟಿ ಎಲ್ಲರಿಗೂ ಮೈಸೂರು ಪಾಕ್ ಹಂಚಿ, “ಅಂತೂ ನಾನೂ ಡಿಗ್ರಿ ಪಾಸು ಮಾಡ್ದೆ ಕಣ್ರೋ,” ಎಂದರು.

ಮುಂದೆ ಅವರ ಆರೋಗ್ಯ ಕೆಟ್ಟಿತು. ಕೋಣೆಗೆ ಬರುವುದು ನಿಂತ ಮೇಲೂ ಬಸವೇಶ್ವರನಗರದ ಮನೆಯಿಂದ ಫೋನ್ ಮಾಡಿ “ಇವತ್ತು ಎಲ್ಲಾರ್ದೂ ಮುಟ್ತಾ?” ಎಂದು ವಿಚಾರಿಸುತ್ತಿದ್ದರು. ಒಮ್ಮೆ ನೋಡಲು ಹೋದಾಗ, “ನೋಡಪ್ಪ, ಸಾವಿನ ಸುದ್ದಿ ಮಾತ್ರ ಈಮೇಲ್‌ನಲ್ಲಿ ಕಳಿಸ್ಬೇಡ್ರೋ. ಅದಕ್ಕೆ ಲೈನೇ ಕೊಡ್ಬೇಕು,” ಎಂದರು. ಯಾರದೋ ವಿಷಯ ಮಾತಾಡುತ್ತಿದ್ದಾರೆ ಅಂದುಕೊಂಡೆ.

ಅವರ ತಮ್ಮ ಒಂದು ಬೆಳಿಗ್ಗೆ ನನಗೆ ಸುದ್ದಿ ಹೇಳಿದರು. ಅಂತ್ಯಸಂಸ್ಕಾರ ಮಧ್ಯಾಹ್ನಕ್ಕೆ. ಗುಂಪಿನ ವಿಳಾಸಕ್ಕೆ ನಾಲ್ಕು ಸಾಲು ಬರೆದರೆ ಕ್ಷಣದಲ್ಲಿ ಎಲ್ಲರಿಗೂ ಹೋಗುತ್ತಿತ್ತು, ಅದನ್ನು ಮಾಡಿಕೊಟ್ಟವನೇ ನಾನು. ಗಿರಣಿಯ ಮಹಡಿ ಹತ್ತಿ, ಅವರ ಕುರ್ಚಿಯಲ್ಲಿ ಕೂತು, ಸಂಘದ ಅದೇ ಫೋನಿನಿಂದ ಒಬ್ಬೊಬ್ಬರಿಗೂ ಲೈನ್ ಕೊಟ್ಟೆ. ಅವರು ಇಡುವವರೆಗೂ ನಾನು ಇಡಲಿಲ್ಲ.

ಕೊನೆಯ ಕರೆ ಗದಗಿಗೆ. ಹುಡುಗಿ ಆಗಲೇ ಅಲ್ಲಿ ಟೀಚರು. ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ವಿಷಯ ಹೇಳಿದೆ. ಕೆಳಗೆ ಗಿರಣಿ ಶುರುವಾಯಿತು. ಇನ್ನೊಂದು ಕಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡು ಕೂತೆ. ಮಕ್ಕಳ ಸದ್ದು ಸ್ವಲ್ಪ ಸ್ವಲ್ಪವಾಗಿ ದೂರವಾಯಿತು. ಅವಳು ತರಗತಿಯಿಂದ ಆಚೆ ಬಂದಿರಬೇಕು. ಎಷ್ಟೋ ಹೊತ್ತಾಯಿತು, ನಾನು ಕಿವಿ ತೆಗೆಯಲಿಲ್ಲ.

“ತಲುಪೀತ್ರೀ ಅಣ್ಣಾ,” ಎಂದಳು.