ಜಲಜಾ ಅವರ ಹಾಡು ಮಾತ್ರ ಮುಗಿಯುತ್ತಿರಲಿಲ್ಲ

ದೆಹಲಿಯ ಮುನಿರ್ಕಾ ಬಡಾವಣೆಯ ಡಿಡಿಎ ಫ್ಲ್ಯಾಟುಗಳ ಎರಡನೆಯ ಮಹಡಿಯಲ್ಲಿರುವ ಜಲಜಾ ಕೇಂದ್ರ ಸಚಿವಾಲಯವೊಂದರಲ್ಲಿ ಸ್ಟೆನೋ ಆಗಿ ಸೇರಿದವರು. ಈಗ ಒಬ್ಬ ದೊಡ್ಡ ಅಧಿಕಾರಿಯ ಆಪ್ತ ಸಹಾಯಕಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಇನ್ನೊಬ್ಬರು ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಬರೆದುಕೊಳ್ಳುವುದು, ಮತ್ತೆ ಓದಿ ಹೇಳುವುದು. ಮನೆಗೆ ಬಂದರೆ ಗಂಡ ರಾಘವ ತಮ್ಮ ಆಫೀಸಿನ ಕಥೆ ಬಿಚ್ಚುತ್ತಾರೆ. ಅದನ್ನೂ ಕೇಳಿಸಿಕೊಳ್ಳಬೇಕು.

ಜಲಜಾ ಅವರ ಊರು ಭದ್ರಾವತಿ. ಶಿವಮೊಗ್ಗಕ್ಕೆ ಕಾಲೇಜಿಗೆ ಹೋಗುತ್ತಿದ್ದ ಖಾಸಗಿ ಬಸ್ಸಿನಲ್ಲಿ ಡ್ರೈವರ್ ದಿನವೂ ಒಂದೇ ಕ್ಯಾಸೆಟ್ ಹಾಕುತ್ತಿದ್ದ. ಸಿನಿಮಾ ಹಾಡುಗಳಲ್ಲ, ಭಾವಗೀತೆಗಳೂ ಅಲ್ಲ. ಕೀಬೋರ್ಡು, ಡ್ರಮ್ಮು, ಗಿಟಾರು ಸೇರಿಸಿ ಯಾರೋ ಹೊಸಬರು ಮಾಡಿದ ಕನ್ನಡದ ಪಾಪ್ ಹಾಡುಗಳು. ಅದರಲ್ಲೊಂದು, ಬಸ್ಸು ತಪ್ಪಿಸಿಕೊಂಡ ಹುಡುಗಿಯ ಹಾಡು. ಅದು ಅರ್ಧಕ್ಕೆ ಬರುವಷ್ಟರಲ್ಲಿ ಕಾಲೇಜಿನ ಸ್ಟಾಪು ಬಂದುಬಿಡುತ್ತಿತ್ತು. ಹುಡುಗಿ ಮುಂದೇನು ಮಾಡಿದಳೆಂದು ತಿಳಿಯಲು ಜಲಜಾ ಒಂದು ದಿನ ಇಳಿಯದೆ ಕೊನೆಯ ನಿಲ್ದಾಣದವರೆಗೂ ಹೋಗಿ, ಮೊದಲ ಪೀರಿಯಡ್ ಕಳೆದುಕೊಂಡರು. ಆಮೇಲೆ ಕ್ಯಾಸೆಟ್ಟನ್ನೇ ಕೊಂಡರು. ಹಾಡೆಂದರೆ ಪೂರ್ತಿ ಕೇಳಬೇಕು ಎಂಬ ಹಟ ಅವರಲ್ಲಿ ಆಗಿನಿಂದಲೇ ಇತ್ತು.

ದೆಹಲಿಯಲ್ಲಿ ಕನ್ನಡಿಗರ ವಾಟ್ಸಾಪ್ ಗುಂಪೊಂದಿತ್ತು. ಜಲಜಾ ಅದರಲ್ಲಿ ದಿನಕ್ಕೊಂದು ಹಾಡು ಹಾಕುತ್ತಿದ್ದರು. ಒಂದು ದಿನ ಹಳೆಯದು, ಮರುದಿನ ಹೊಸದಾಗಿ ಸಿಕ್ಕಿದ್ದು. ಜೊತೆಗೆ ಎರಡು ಸಾಲು: ಈ ಹಾಡಿನಲ್ಲಿ ಗಿಟಾರು ಬರುವ ಜಾಗ ಗಮನಿಸಿ, ಈ ಹುಡುಗನ ಧ್ವನಿ ಎಷ್ಟು ಒರಟು ನೋಡಿ. ಕೆಳಗೆ ಕೈ ಮುಗಿದ ಚಿತ್ರಗಳು ಸಾಲುಗಟ್ಟಿ ಬರುತ್ತಿದ್ದವು. ಜನ ಮೆಚ್ಚುತ್ತಿದ್ದಾರೆ ಎಂದೇ ಜಲಜಾ ಬಹಳ ದಿನ ನಂಬಿದ್ದರು.

ಒಂದು ಬೆಳಿಗ್ಗೆ ಮೆಟ್ರೋ ಗದ್ದಲದಲ್ಲಿ ಬೆರಳು ತಪ್ಪಿ, ಹಾಡಿನ ಬದಲು ಅಡುಗೆಮನೆಯ ಸಿಂಕು ಕಟ್ಟಿಕೊಂಡರೆ ಬಿಡಿಸುವುದು ಹೇಗೆ ಎಂಬ ವಿಡಿಯೋ ಹೋಯಿತು. ಅದಕ್ಕೂ ಕೈಗಳು ಮುಗಿದವು. 'ಅದ್ಭುತ ಗಾಯನ' ಎಂದು ಒಬ್ಬರು ಬರೆದರು. 'ಬಾಲ್ಯದ ನೆನಪಾಯಿತು' ಎಂದು ಇನ್ನೊಬ್ಬರು.

ಆ ದಿನ ಜಲಜಾ ಗುಂಪಿನಿಂದ ಹೊರಬಂದರು.

"ಇಷ್ಟು ದಿನ ಗೋಡೆಗೆ ಹಾಡು ಹಾಕಿದ ಹಾಗಾಯ್ತಲ್ಲರೀ," ಎಂದು ಗಂಡನ ಮುಂದೆ ಸಂಕಟಪಟ್ಟರು.

ರಾಘವ ನಕ್ಕರು. "ಜನಕ್ಕೆಲ್ಲಿ ಪುರಸೊತ್ತು? ನಾಲ್ಕು ಜನರನ್ನ ಮನೆಗೇ ಕರಿ. ಎದುರಿಗೆ ಕೂತರೆ ಕೇಳದೆ ಎಲ್ಲಿಗೆ ಹೋಗ್ತಾರೆ?"

ಹಾಗೆ ಭಾನುವಾರದ ಬೈಠಕ್ಕು ಶುರುವಾಯಿತು. ಪಕ್ಕದ ಬ್ಲಾಕಿನ ದಕ್ಷಿಣಾಮೂರ್ತಿ ಬಂದರು. ಕೃಷಿ ಇಲಾಖೆಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬಡಾವಣೆಗಂಟಿದ ಮುನಿರ್ಕಾ ಹಳ್ಳಿಯ ಓಣಿಯಲ್ಲಿ ಬಾಡಿಗೆಗಿದ್ದ ಇಬ್ಬರು ವಿದ್ಯಾರ್ಥಿಗಳೂ ಬಂದರು: ಪಿಎಚ್‌ಡಿ ಮಾಡುತ್ತಿದ್ದ ಹಾಸನದ ಶ್ರೇಯಸ್ ಮತ್ತು ಎಂಎ ಓದುತ್ತಿದ್ದ ನಿಹಾರಿಕಾ. ನಿಹಾರಿಕಾ ಹುಟ್ಟಿ ಬೆಳೆದದ್ದೆಲ್ಲ ಗಾಜಿಯಾಬಾದಿನಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಮಾತು ಮಾತ್ರ ಹಿಂದಿಗೆ ಜಾರುತ್ತಿತ್ತು. ಪ್ರತಿಯೊಬ್ಬರೂ ಒಂದು ಹಳೆಯ ಹಾಡು, ಒಂದು ಹೊಸ ಹಾಡು ತರಬೇಕು. ಎಲ್ಲರೂ ಕೊನೆಯವರೆಗೆ ಸುಮ್ಮನೆ ಕೇಳಬೇಕು. ಇಷ್ಟೇ ನಿಯಮ.

ಅದೂ ಮೊದಲ ವಾರವೇ ಮುರಿಯಿತು. ದಕ್ಷಿಣಾಮೂರ್ತಿ ತಮ್ಮ ಹಾಡು ಹಾಕಿ, ಅದರ ಮೇಲೆಯೇ ಮಾತನಾಡುತ್ತಿದ್ದರು: ಆಗ ರೇಡಿಯೋ ಲೈಸೆನ್ಸ್ ಹೇಗಿತ್ತು, ಹಾಸ್ಟೆಲ್ಲಿನಲ್ಲಿ ಯಾರು ಯಾರು ಕೂಡಿ ಕೇಳುತ್ತಿದ್ದರು. ಶ್ರೇಯಸ್ ಒಂದು ನಿಮಿಷ ಕೇಳಿಸಿ, "ಮೇನ್ ಪಾರ್ಟ್ ಇಷ್ಟೇ ಆಂಟಿ, ಮುಂದೆಲ್ಲ ರಿಪೀಟು," ಎಂದು ಇನ್ನೊಂದಕ್ಕೆ ಹಾರುತ್ತಿದ್ದ. ನಿಹಾರಿಕಾ ತಂದ ಕೊರಿಯನ್ ಹಾಡನ್ನು ಜಲಜಾ ಒಬ್ಬರೇ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಭಾಷೆ ತಿಳಿಯದಿದ್ದರೂ, ಮಧ್ಯದಲ್ಲಿ ತಾಳವೆಲ್ಲ ನಿಂತು ಹಾಡುತ್ತಿದ್ದ ಹುಡುಗಿ ಒಬ್ಬಳೇ ಉಸಿರೆಳೆದುಕೊಳ್ಳುವ ಜಾಗ ಅವರ ಎದೆಗೆ ತಟ್ಟಿತು.

"ಇನ್ನೊಂದು ಸಲ ಹಾಕು ಪುಟ್ಟಿ," ಎಂದರು.

"ಸಚ್ಚಿ ಆಂಟಿ? ಮನೇಲಿ ಎಲ್ಲಾರೂ ಬಂದ್ ಕರೋ ಅಂತಾರೆ," ಎಂದಳು ನಿಹಾರಿಕಾ.

ಮನೆಯವರಲ್ಲವೇ, ಜಲಜಾ ಅವರ ಸರದಿ ಯಾವಾಗಲೂ ಕೊನೆಗೆ. ಬಸ್ಸು ತಪ್ಪಿದ ಹುಡುಗಿಯ ಹಾಡನ್ನು ಇವರಿಗೆ ಕೇಳಿಸಬೇಕೆಂಬ ಆಸೆ ಅವರದು. ಕ್ಯಾಸೆಟ್ಟು ಯಾವಾಗಲೋ ಹಾಳಾಗಿತ್ತು. ಯಾರೋ ಪುಣ್ಯಾತ್ಮರು ಹಾಡನ್ನು ಇಂಟರ್ನೆಟ್ಟಿಗೆ ಏರಿಸಿದ್ದರು. ಆದರೆ ಅದು ಶುರುವಾಗುವುದಕ್ಕೂ, "ಜಲಜಾ, ಚಹಾ ಇಟ್ಟಿದ್ದೀಯಾ?" ಎಂದು ರಾಘವ ಕೇಳುವುದಕ್ಕೂ ಸರಿಹೋಗುತ್ತಿತ್ತು. ಒಳಗೆ ಹೋಗಿ ಹಾಲು ಉಕ್ಕದಂತೆ ನೋಡಿಕೊಂಡು ಟ್ರೇ ಹಿಡಿದು ಬರುವಷ್ಟರಲ್ಲಿ ಹಾಡು ನಿಂತಿರುತ್ತಿತ್ತು, ಮಾತು ಮುನಿರ್ಕಾದ ಬಾಡಿಗೆಗೋ ಗಾಳಿಯ ಹೊಗೆಗೋ ಹೊರಳಿರುತ್ತಿತ್ತು. ಒಂದು ವಾರ ಮಧ್ಯದಲ್ಲಿ ಜಾಹೀರಾತು ನುಗ್ಗಿತು. ಇನ್ನೊಂದು ವಾರ ಕೆಳಗೆ ಹಳೇ ಸಾಮಾನು ಕೊಳ್ಳುವವನ ಧ್ವನಿವರ್ಧಕ ಗೇಟಿನ ಹತ್ತಿರವೇ ನಿಂತು ಒದರಿತು. ಜಲಜಾ ಬಾಲ್ಕನಿಗೆ ಹೋಗಿ, "ಭಯ್ಯಾ, ಜರಾ ಆಗೇ ಜಾಓ ನಾ!" ಎಂದು ಕೂಗಿದರು. ಅವನು ಹೊರಟ. ಹಾಡೂ ಹೊರಟುಹೋಗಿತ್ತು.

ಚಳಿಗಾಲದ ಒಂದು ಭಾನುವಾರ ಜಲಜಾ ಮೊದಲೇ ಚಹಾ ಮಾಡಿ ಫ್ಲಾಸ್ಕಿಗೆ ಸುರಿದಿಟ್ಟರು. ಕಿಟಕಿ ಮುಚ್ಚಿದರು. ತಮ್ಮ ಸರದಿ ಬಂದಾಗ, "ಇವತ್ತು ಯಾರೂ ಮಾತಾಡಬೇಡಿ," ಎಂದು ಬೇಡಿಕೊಂಡರು. ಹಾಡು ಶುರುವಾಯಿತು. ಮೊದಲು ಕಂಡಕ್ಟರನ ಸೀಟಿ, ಆಮೇಲೆ ನಿಧಾನಕ್ಕೆ ಗಿಟಾರು, ಆಮೇಲೆ ಆ ಹುಡುಗಿಯ ಧ್ವನಿ. ಮೊದಲ ಚರಣ ದಾಟಿತು. ಅಷ್ಟರಲ್ಲಿ ದಕ್ಷಿಣಾಮೂರ್ತಿಯವರ ಫೋನು ಬಡಿದುಕೊಂಡಿತು. ಅವರು ಎದ್ದು ಹೋಗಲೂ ಇಲ್ಲ, ಅಲ್ಲೇ ಕೂತು, "ಹಲೋ, ಹಾಂ, ಹೇಳಪ್ಪಾ, ಇಲ್ಲೇ ಜಲಜಾ ಮನೆಯಲ್ಲಿ, ಏನಿಲ್ಲ, ಸುಮ್ನೆ ಕೂತಿದ್ದೀವಿ," ಎಂದರು.

'ಏನಿಲ್ಲ, ಸುಮ್ನೆ.' ಆ ಮಾತು ಜಲಜಾಗೆ ಚುಚ್ಚಿತು. ಎದ್ದು ಸ್ಪೀಕರಿನ ವೈರನ್ನು ಕಿತ್ತರು.

"ಇಷ್ಟು ವಾರದಿಂದ ನಿಮ್ಮೆಲ್ಲರ ಹಾಡು ಕೇಳಿದ್ದೀನಿ. ನಿಮ್ಮ ಹಾಸ್ಟೆಲ್ ಕಥೆ ಕೇಳಿದ್ದೀನಿ ಮೂರ್ತಿ ಸರ್. ನಾಲ್ಕು ನಿಮಿಷದ್ದು ನನ್ನದೊಂದು ಹಾಡು! ಅಷ್ಟು ಕೇಳಕ್ಕಾಗಲ್ವಾ ಯಾರಿಗೂ? ಚಹಾ ಕುಡಿಯಕ್ಕೆ ಬರ್ತೀರಾ ನೀವೆಲ್ಲ?"

ಶ್ರೇಯಸ್ ನೆಲ ನೋಡಿದ. ದಕ್ಷಿಣಾಮೂರ್ತಿ ಶಾಲು ಹೊದ್ದುಕೊಂಡು, "ಬರ್ತೀನಮ್ಮ," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಹುಡುಗರೂ ಹಿಂದೆಯೇ ಹೋದರು. ಫ್ಲಾಸ್ಕಿನ ಚಹಾ ಹಾಗೇ ಉಳಿಯಿತು.

"ಒಂದು ಹಾಡಿಗೆ ಇಷ್ಟು ರಂಪಾನಾ? ವಯಸ್ಸಾದವರು, ಪಾಪ," ಎಂದರು ರಾಘವ.

"ಹಾಡಿಗಲ್ಲ ರೀ."

"ಮತ್ತೆ?"

ಹೇಳಿದರೂ ರಾಘವ ಅರ್ಧ ಕೇಳಿ ಟಿವಿ ಹಾಕುತ್ತಾರೆ ಎಂಬುದು ಜಲಜಾಗೆ ಗೊತ್ತಿತ್ತು. ಆ ವಾರವೆಲ್ಲ ಅವರಿಗೆ ನಾಚಿಕೆಯೂ ಆಯಿತು, ಸಿಟ್ಟೂ ಇಳಿಯಲಿಲ್ಲ. ಅಧಿಕಾರಿ ಪತ್ರ ಹೇಳಿ ಬರೆಸುವಾಗ ಒಂದು ವಾಕ್ಯವನ್ನೇ ಬಿಟ್ಟುಬಿಟ್ಟರು. ಅಂಥ ತಪ್ಪು ಅವರಿಂದ ಹಿಂದೆ ಆದದ್ದಿಲ್ಲ.

ಶುಕ್ರವಾರ ಶ್ರೇಯಸನ ಮೆಸೇಜು ಬಂತು: 'ಆಂಟಿ, ಭಾನುವಾರ ಇದೆಯಾ?'

ಜಲಜಾ ಬರೆದರು: 'ಇದೆ. ಮೊದಲು ನನ್ನ ಹಾಡು. ಚಹಾ ಇಲ್ಲ.'

ಭಾನುವಾರ ಜಲಜಾ, ಬಾರದಿದ್ದರೆ ಬೇಡ ಎಂದುಕೊಂಡೇ ಬಾಗಿಲು ತೆರೆದಿದ್ದರು. ಹುಡುಗರಿಬ್ಬರೂ ಬಂದರು. ಸ್ವಲ್ಪ ಹೊತ್ತಿಗೆ ದಕ್ಷಿಣಾಮೂರ್ತಿಯವರೂ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತರು.

"ಫೋನು ಮನೇಲೇ ಬಿಟ್ಟು ಬಂದಿದ್ದೀನಿ," ಎಂದರು, ಯಾರ ಮುಖವನ್ನೂ ನೋಡದೆ.

"ಬನ್ನಿ ಸರ್, ಕೂತ್ಕೊಳ್ಳಿ," ಎಂದರು ಜಲಜಾ.

ಹಾಡು ಹಾಕಿದರು. ಸೀಟಿ, ಗಿಟಾರು, ಹುಡುಗಿಯ ಧ್ವನಿ, ಆಮೇಲೆ ಗಂಡಸಿನ ಎರಡು ಸಾಲು, ಮತ್ತೆ ಹುಡುಗಿ. ದಕ್ಷಿಣಾಮೂರ್ತಿ ಕೆಮ್ಮು ತಡೆದುಕೊಂಡು ಶಾಲನ್ನು ಬಾಯಿಗೆ ಒತ್ತಿಹಿಡಿದರು. ರಾಘವ ಪತ್ರಿಕೆ ಮಡಿಸಿಟ್ಟರು. ಕೊನೆಯ ಸ್ವರ ಕರಗಿತು. ಜಲಜಾ ಎಲ್ಲರ ಮುಖ ನೋಡಿದರು.

"ಚೆನ್ನಾಗಿದೆಯಮ್ಮ," ಎಂದರು ದಕ್ಷಿಣಾಮೂರ್ತಿ. ಪ್ರಸಾದ ತೆಗೆದುಕೊಂಡವರ ಧಾಟಿ.

"ಹಾಂ, ನೈಸ್ ಹೈ," ಎಂದಳು ನಿಹಾರಿಕಾ.

ಇಷ್ಟೇನಾ ಎಂದು ಜಲಜಾ ಒಳಗೇ ಕುಸಿದರು. ಆಗ ಶ್ರೇಯಸ್ ಹಿಂಜರಿಯುತ್ತ ಬಾಯಿಬಿಟ್ಟ. "ನಿಜ ಹೇಳಲಾ ಆಂಟಿ? ನನಗೆ ಇಷ್ಟ ಆಗಲಿಲ್ಲ. ಹುಡುಗಿ ಚೆನ್ನಾಗಿ ಹಾಡ್ತಾಳೆ. ಮಧ್ಯೆ ಆ ಗಂಡಸಿನ ಧ್ವನಿ ಯಾಕೆ ಬರುತ್ತೆ? ಹಾಡು ಅವಳದ್ದು. ಅವನು ಬಂದು ಎರಡು ಸಾಲು ಬುದ್ಧಿ ಹೇಳಿ ಕೆಡಿಸಿಬಿಟ್ಟ."

ಜಲಜಾ ಅವರ ಮುಖ ಕೆಂಪಾಯಿತು. "ಬುದ್ಧಿ ಹೇಳ್ತಾನಾ? ಅವನು ಮುಂದಿನ ಬಸ್ಸಿನ ಕಂಡಕ್ಟರ್ ಕಣೋ! ಅವನು ಕೇಳದಿದ್ದರೆ ಅವಳು ಯಾರಿಗೆ ಉತ್ತರ ಕೊಡ್ತಾಳೆ?"

"ಯಾರಿಗೂ ಕೊಡೋದು ಬೇಡ ಆಂಟಿ. ಒಬ್ಬಳೇ ನಿಂತಿರಲಿ, ಅದೇ ಚೆಂದ."

"ಕೊರಿಯನ್ ಹಾಡಲ್ಲೂ ಹಾಗೇ ಅಲ್ವಾ? ಅಕೇಲಿ ಉಸಿರು ತಗೋತಾಳೆ," ಎಂದು ನಿಹಾರಿಕಾ ಶ್ರೇಯಸನ ಪಕ್ಷ ವಹಿಸಿದಳು.

"ಅದು ಬೇರೆ, ಇದು ಬೇರೆ," ಎಂದು ಜಲಜಾ ಕುರ್ಚಿ ಮುಂದಕ್ಕೆಳೆದರು. ದಕ್ಷಿಣಾಮೂರ್ತಿ ಶಾಲು ಬಾಯಿಂದ ತೆಗೆದು, ಕಂಡಕ್ಟರಿಗೆ ಎರಡಲ್ಲ, ನಾಲ್ಕು ಸಾಲು ಕೊಡಬೇಕಿತ್ತು ಎಂದರು. ಅವನು ಕಂಡಕ್ಟರೆಂದು ತಮಗೆ ಗೊತ್ತೇ ಆಗಲಿಲ್ಲವೆಂದು ರಾಘವ ತಕರಾರು ತೆಗೆದರು. ಒಬ್ಬರ ಮಾತಿನ ಮೇಲೆ ಒಬ್ಬರ ಮಾತು ಬಿತ್ತು. ಜಲಜಾಗೆ ಸಿಟ್ಟು ನೆತ್ತಿಗೇರಿತ್ತು. ಯಾರಿಗೂ ಏನೂ ತಿಳಿಯುವುದಿಲ್ಲ ಎನಿಸುತ್ತಿತ್ತು.

"ಸುಮ್ನಿರಿ ಎಲ್ಲರೂ," ಎಂದು ಗದರಿ ಫೋನು ಕೈಗೆತ್ತಿಕೊಂಡರು. "ಇನ್ನೊಂದು ಸಲ ಹಾಕ್ತೀನಿ. ಶ್ರೇಯಸ್, ನೀನು ಸ್ಪೀಕರ್ ಹತ್ತಿರ ಬಂದು ಕೂತ್ಕೋ."

ಅವನು ಎದ್ದು ಬಂದು ಕೂತ.