ಮಗುವಿಗೆ ನೀರು ಹಾಕುವ ಕಾಲು

ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ನೆಲದ ಮೇಲೆ ಕೂತು ಏಳುವುದನ್ನು ಹೊಸದಾಗಿ ಕಲಿತೆ. ನಗುವವರು ನಗಲಿ. ಕತ್ರಿಗುಪ್ಪೆಯಲ್ಲಿ ಈಗ ಬಟ್ಟೆ ಅಂಗಡಿಗಳು ಸಾಲಾಗಿ ನಿಂತಿರುವ ಕಡೆ ನಮ್ಮ ಮಾವನವರ ರಾಗಿ ಹೊಲವಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿ ಕುಕ್ಕರುಗಾಲಲ್ಲಿ ಕೂತು ದಿನವಿಡೀ ಕಳೆ ಕಿತ್ತವಳು ನಾನು. ಹೊಲ ಹೋಗಿ ಸೈಟಾಯಿತು, ಸೈಟಿನ ಮೇಲೆ ಮೂರಂತಸ್ತಿನ ಮನೆ ಎದ್ದಿತು, ಮೇಲೆ ಬಾಡಿಗೆಯವರು ಬಂದರು, ನಾನು ಸೋಫಾದ ಮೇಲೆ ಕೂತೆ. ಕೂತವಳು ಹದಿನೈದು ವರ್ಷ ನೆಲಕ್ಕೆ ಇಳಿಯಲಿಲ್ಲ. ತರಕಾರಿ ಹೆಚ್ಚುವುದು ಡೈನಿಂಗ್ ಟೇಬಲ್ಲಿನ ಮೇಲೆ, ಪೂಜೆಗೆ ಪ್ಲಾಸ್ಟಿಕ್ ಸ್ಟೂಲು, ಮದುವೆಮನೆಯಲ್ಲಿ ಟೇಬಲ್ ಊಟ. ಮಂಡಿ ನೋವು ಅಂದರೆ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೂ ಅದು ಅನುಕೂಲವಾಗಿಯೇ ಇತ್ತು.

ಹೋದ ವರ್ಷ ನಮ್ಮ ಒಬ್ಬಳೇ ಮಗಳು ಬಸುರಿಯಾದಳು. ಅವಳ ಮನೆ ಪುಟ್ಟೇನಹಳ್ಳಿಯಲ್ಲಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು. ಫೋನಿನಲ್ಲಿ ಸುದ್ದಿ ಕೇಳಿ ನಾನು ಅತ್ತುಬಿಟ್ಟೆ. ನಮ್ಮಲ್ಲಿ ಬಾಣಂತನ ತವರಿನವರದು. ಮಗುವಿಗೂ ಬಾಣಂತಿಗೂ ನೀರು ಹಾಕುವವಳು ತಾಯಿ. ಬಚ್ಚಲಲ್ಲಿ ಗಿಡ್ಡ ಮಣೆ ಹಾಕಿಕೊಂಡು, ಎರಡೂ ಕಾಲನ್ನು ಮುಂದೆ ನೀಡಿ, ಕಣಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹೊಯ್ಯಬೇಕು. ನನ್ನ ಬಾಣಂತನದಲ್ಲಿ ನಮ್ಮವ್ವ ಹಾಗೇ ಮಾಡಿದ್ದಳು. ಮಗಳು ಮನೆಗೆ ಬಂದಾಗ ಅಟ್ಟದ ಮೇಲಿನ ಮಣೆ ಇಳಿಸಬೇಕು ಎಂದು ಬಾಯಿ ತೆಗೆದೆ. ಅವಳು ನನ್ನ ಕೈ ಹಿಡಿದುಕೊಂಡೇ ಹೇಳಿದಳು.

"ಅಮ್ಮ, ನೀನು ಕೆಳಗೆ ಕೂತ್ರೆ ಏಳಕ್ಕಾಗಲ್ಲ. ಮಗು ಜಾರಿದ್ರೆ ಏನ್ಮಾಡ್ತೀಯ? ನೀರ್ ಹಾಕಕ್ಕೆ ಒಬ್ರನ್ನ ಗೊತ್ತು ಮಾಡಿದೀನಿ. ದಿನಾ ಬಂದು ಹಾಕಿ ಹೋಗ್ತಾರೆ."

ಅವಳು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನನಗೆ ಮೈ ಉರಿದುಹೋಯಿತು. ಒಂಬತ್ತು ವರ್ಷ ನಾನು ಹರಕೆ ಹೊತ್ತದ್ದು, ಯಾರೋ ಬಂದು ನನ್ನ ಮೊಮ್ಮಗುವಿಗೆ ನೀರು ಹಾಕುವುದನ್ನು ಬಾಗಿಲಲ್ಲಿ ನಿಂತು ನೋಡುವುದಕ್ಕೇ?

ಆ ಸಿಟ್ಟಿನಲ್ಲೇ ಒಂದು ಜೊತೆ ಬಿಳಿ ಬೂಟು ಕೊಂಡು ಪಾರ್ಕಿಗೆ ಹೊರಟೆ. ಅಲ್ಲಿ ನನ್ನ ವಯಸ್ಸಿನ ಹೆಂಗಸರದ್ದೊಂದು ಗುಂಪಿತ್ತು. ಸೊಸೆಯಂದಿರ ವಿಚಾರ ಮಾತಾಡುತ್ತಾ ಐದು ಸುತ್ತು ಹಾಕುವುದು, ಆಮೇಲೆ ಎದುರಿನ ದರ್ಶಿನಿಗೆ ನುಗ್ಗುವುದು. ಇಡ್ಲಿ ಹಗುರ ಅಂತ ಇಡ್ಲಿ, ಇಡ್ಲಿಯ ಜೊತೆ ಇರಲಿ ಅಂತ ವಡೆ, ಇಷ್ಟು ನಡೆದಿದ್ದೇವಲ್ಲ ಅಂತ ಖಾರಾಬಾತ್, ಕೊನೆಗೆ ಕಾಫಿ. ಎರಡು ತಿಂಗಳು ನಿಯತ್ತಾಗಿ ಹೀಗೆ ನಡೆದು ತೂಕ ನೋಡಿಕೊಂಡರೆ ಎರಡು ಕಿಲೋ ಏರಿತ್ತು. ತಕ್ಕಡಿ ಕೆಟ್ಟಿದೆ ಎಂದು ಇನ್ನೊಂದು ಅಂಗಡಿಯಲ್ಲೂ ನೋಡಿಸಿದೆ.

ಆದರೂ ನಡೆದಿದ್ದೇನಲ್ಲ, ಕಾಲು ಗಟ್ಟಿಯಾಗಿರಬೇಕು ಎಂಬ ಧೈರ್ಯ. ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಯಜಮಾನರು ಬ್ಯಾಂಕಿಗೆ ಹೋದ ಹೊತ್ತು ನೋಡಿ ಮಣೆ ಇಳಿಸಿದೆ. ಮೂರು ಕಿಲೋ ರಾಗಿ ಹಿಟ್ಟನ್ನು ಚೀಲಕ್ಕೆ ತುಂಬಿ, ಟವೆಲ್ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು ಬಚ್ಚಲಿಗೆ ಹೋದೆ. ಗೋಡೆ ಹಿಡಿದು ಇಳಿದೆ, ಕೊನೆಯಲ್ಲಿ ದೊಪ್ಪನೆ ಕೂತೆ. ಕಾಲು ನೀಡಿ ಹಿಟ್ಟನ್ನು ಮಲಗಿಸಿಕೊಂಡೆ. ಎಲ್ಲ ಚೆನ್ನಾಗಿತ್ತು. ಆಮೇಲೆ ಏಳಲು ಹೋದರೆ ಆಗಲಿಲ್ಲ. ನಲ್ಲಿ ಹಿಡಿದೆ, ಬಕೆಟ್ ಹಿಡಿದೆ. ಬಕೆಟ್ ಮಗುಚಿ ಹಿಟ್ಟೆಲ್ಲ ಅಂಬಲಿಯಾಯಿತು. ಅರ್ಧ ಗಂಟೆ ಆ ಅಂಬಲಿಯ ನಡುವೆ ಕೂತು ನನಗೆ ನಾನೇ ಬೈದುಕೊಂಡೆ.

ಕರೆದರೆ ಕೇಳುವಷ್ಟು ಹತ್ತಿರ ಇದ್ದವಳು ಒಬ್ಬಳೇ, ಮೇಲಿನ ಮನೆಯ ಬಾಡಿಗೆಯ ಹುಡುಗಿ. ಅವಳು ತಾರಸಿಯಲ್ಲಿ ಬಟ್ಟೆ ಕೊಡವಿ ಒಣಹಾಕುತ್ತಿದ್ದ ಸದ್ದು ಬಚ್ಚಲ ಕಿಂಡಿಯಿಂದ ಕೇಳುತ್ತಿತ್ತು. ಅವಳನ್ನು ಕರೆಯಲು ನನಗೆ ಮುಖವಿರಲಿಲ್ಲ. ತಿಂಗಳ ಹಿಂದೆ ತೊಟ್ಟಿಯ ನೀರು ಖಾಲಿಯಾಗಿತ್ತು. ಇವಳೇ ನಲ್ಲಿ ಬಿಟ್ಟುಕೊಂಡು ಹೋಗಿದ್ದಾಳೆ ಎಂದು ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದೆ. ಮಾರನೇ ದಿನ ಪ್ಲಂಬರ್ ಬಂದು ಒಡೆದಿರುವುದು ನಮ್ಮದೇ ಪೈಪು ಅಂದ. ನಾನು ಒಂದು ಮಾತು ತಪ್ಪಾಯಿತು ಅನ್ನಲಿಲ್ಲ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಬೇರೆ ದಾರಿಯಿರಲಿಲ್ಲ, ಕರೆದೆ.

ಪುಣ್ಯಕ್ಕೆ ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಬಂದವಳು ನನ್ನನ್ನೂ ಹಿಟ್ಟನ್ನೂ ನೋಡಿದಳು, ಪೆಟ್ಟಾಗಿದೆಯಾ ಎಂದು ಕೇಳಿದಳು. ಇಲ್ಲ ಅಂದೆ, ಎತ್ತಲಿ ಎಂದು ಎರಡೂ ಕೈ ಚಾಚಿದೆ. ಅವಳು ಕೈ ಕೊಡಲಿಲ್ಲ.

"ನಾನು ಎತ್ತಲ್ಲ ಆಂಟಿ. ನೀವೇ ಏಳ್ತೀರ. ನಾನು ಹೇಳ್ದಂಗೆ ಮಾಡಿ."

ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ತಿಳಿದೆ. ಅವಳು ನೆಲದ ನೀರು ಒರೆಸಿ, ಊಟದ ಕುರ್ಚಿಯೊಂದನ್ನು ತಂದು ಗೋಡೆಗೆ ಒತ್ತಿ ಇಟ್ಟಳು. ಒಂದು ಮಗ್ಗುಲಿಗೆ ವಾಲಿ, ಕೈ ಊರಿ, ಮಗುವಿನ ಹಾಗೆ ಅಂಬೆಗಾಲಿಗೆ ಬನ್ನಿ ಅಂದಳು. ಬಂದೆ. ಒಂದು ಪಾದವನ್ನು ಮುಂದಿಟ್ಟು ಕುರ್ಚಿ ಒತ್ತಿ ಹಿಡಿದು ಏಳಿ ಅಂದಳು. ಎದ್ದುಬಿಟ್ಟೆ! ನನ್ನ ಮೈಯೊಳಗೆ ಆ ಬಲ ಇತ್ತೆಂದು ನನಗೇ ಗೊತ್ತಿರಲಿಲ್ಲ. ಅವಳು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ, ಬಿದ್ದವರನ್ನು ಏಳಿಸುವುದೇ ಅವಳ ಕೆಲಸ ಎಂದು ಗೊತ್ತಾದದ್ದು ಆಗಲೇ. ಎರಡು ವರ್ಷ ತಲೆಯ ಮೇಲೆ ಓಡಾಡಿದ ಹುಡುಗಿಯ ಬಗ್ಗೆ ನನಗೆ ತಿಳಿದಿದ್ದದ್ದು ಅವಳ ಸ್ಕೂಟರ್ ನಿಲ್ಲುವ ಜಾಗ ಒಂದೇ. ತೊಟ್ಟಿಯ ವಿಷಯದಲ್ಲಿ ತಪ್ಪು ನನ್ನದೇ ಎಂದು ಅಲ್ಲೇ ಹೇಳಿದೆ. "ಗೊತ್ತು ಆಂಟಿ, ಕಾಲು ತೊಳ್ಕೊಳಿ," ಅಂದಳು.

ಮಾರನೇ ದಿನದಿಂದ ಪಾಠ ಶುರುವಾಯಿತು. ಡ್ಯೂಟಿಗೆ ಹೋಗುವ ಮುಂಚೆ ಹದಿನೈದು ನಿಮಿಷ ಬರುತ್ತಿದ್ದಳು. ಕೈಗಳನ್ನು ಎದೆಗೆ ಕಟ್ಟಿಕೊಂಡು ಊಟದ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಬೇಕು. ಮೊದಲ ದಿನ ನಾಲ್ಕಕ್ಕೇ ಸಾಕಪ್ಪಾ ಸಾಕು ಅನ್ನಿಸಿತು. ಮೂರು ವಾರಕ್ಕೆ ಕುರ್ಚಿ ಹೋಗಿ ಪೂಜೆಯ ಸ್ಟೂಲು ಬಂತು, ಆಮೇಲೆ ಅದಕ್ಕಿಂತ ಗಿಡ್ಡದೊಂದು, ಆಮೇಲೆ ಮಡಿಸಿದ ಎರಡು ದಿಂಬು. ಒಂದೊಂದು ಮೆಟ್ಟಿಲು ಇಳಿಯುವಾಗಲೂ ತೊಡೆ ನಡುಗುತ್ತಿತ್ತು. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, ಯಾವ ಮೇಷ್ಟ್ರು ಬಸ್ಕಿ ಹೊಡೆಸುತ್ತಿರುವುದು ಎಂದು ಕೇಳುತ್ತಿದ್ದರು. ಅವರಿಗೆ ಶುಗರ್ ಗಡಿಯಲ್ಲಿತ್ತು. ಒಂದು ವಾರದಲ್ಲಿ ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ದರ್ಶಿನಿಯನ್ನು ವಾರಕ್ಕೊಮ್ಮೆಗೆ ಇಳಿಸಿದೆ. ಗುಂಪಿನವರು ನನಗೆ ಕೊಬ್ಬು ಅಂದರು, ಅನ್ನಲಿ. ಮಧ್ಯಾಹ್ನಕ್ಕೆ ಅನ್ನದ ಗುಡ್ಡೆ ಹೋಗಿ ಒಂದು ಮುದ್ದೆ, ಬಸ್ಸಾರು, ಪಲ್ಯ. ರಾತ್ರಿ ನಿದ್ದೆ ಬರತೊಡಗಿತು. ನಲವತ್ತು ವರ್ಷದ ಹಿಂದೆ ಹೊಲದಿಂದ ಬಂದು ಮಲಗಿದರೆ ಬರುತ್ತಿದ್ದಂಥ ನಿದ್ದೆ.

ಎಂಟನೇ ತಿಂಗಳಲ್ಲಿ ಮಗಳು ಮನೆಗೆ ಬಂದಾಗ ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿ ಅವಳನ್ನು ಕೂರಿಸಿದೆ. ಹಿಟ್ಟಿನ ಚೀಲವನ್ನು ಪಕ್ಕಕ್ಕಿಟ್ಟು ಮಣೆಯ ಮೇಲೆ ಕೂತೆ, ಕಾಲಿನ ಮೇಲೆ ಮಲಗಿಸಿ ನೀರು ಹಾಕುವ ಹಾಗೆ ಮಾಡಿದೆ, ಕೆಳಗಿಟ್ಟು ಎದ್ದೆ. ಅವಳು ಪರೀಕ್ಷೆಯ ಮೇಡಂ ಥರ ನೋಡಿದಳು, ಇನ್ನೊಂದು ಸಲ ಮಾಡಿಸಿದಳು. ನೋಡೋಣ ಅಂದಳು, ಅಷ್ಟೇ. ಗೊತ್ತು ಮಾಡಿದ ಹೆಂಗಸಿಗೆ ಬೇಡವೆಂದು ಫೋನ್ ಮಾಡಲಿಲ್ಲ. ನನಗೆ ಬೇಜಾರಾಯಿತು. ಆದರೆ ಒಂಬತ್ತು ವರ್ಷ ಕಾದವಳು ಅವಳು, ಅವಳ ಹೆದರಿಕೆ ಅವಳದು. ನಾನು ಬಾಯಿ ಮುಚ್ಚಿಕೊಂಡು ಎದ್ದು ಕೂರುವುದನ್ನು ಮುಂದುವರಿಸಿದೆ.

ಹೆಣ್ಣು ಮಗು ಹುಟ್ಟಿತು. ತಾಯಿ ಬನಶಂಕರಿಗೆ ಕೈ ಮುಗಿದೆ, ಮೇಲಿನ ಮನೆಗೆ ಹೋಗಿ ಆ ಹುಡುಗಿಯ ಬಾಯಿಗೂ ಸಕ್ಕರೆ ಹಾಕಿದೆ. ನನ್ನ ಕಾಲನ್ನು ನನಗೆ ವಾಪಸ್ಸು ಕೊಟ್ಟವಳು ನೀನು, ನಿನ್ನ ಋಣ ತೀರುವುದಲ್ಲ ಎಂದು ಅವಳ ಕೆನ್ನೆ ಹಿಡಿದು ಹೇಳಿದೆ. ಅವಳಿಗೆ ನಾಚಿಕೆಯಾಯಿತು.

ಹೊಕ್ಕುಳ ಬಳ್ಳಿ ಉದುರಿದ ಮೇಲೆ ನೀರು ಹಾಕಬಹುದು ಎಂದು ಡಾಕ್ಟರು ಹೇಳಿದ್ದರು. ಆ ಬೆಳಿಗ್ಗೆ ಗೊತ್ತು ಮಾಡಿದ ಹೆಂಗಸು ಬರುತ್ತಾಳೆಂದು ನಾನು ನೀರು ಹದ ಮಾಡಿಟ್ಟು ಸುಮ್ಮನೆ ನಿಂತಿದ್ದೆ. ಮಗಳು ಮಗುವನ್ನು ಎತ್ತಿಕೊಂಡು ಬಂದು, ಕೂತ್ಕೋ ಅಂದಳು. ಬೇರೆ ಯಾರೂ ಬರುವುದಿಲ್ಲವಂತೆ, ಹಿಂದಿನ ದಿನವೇ ಬೇಡವೆಂದು ಹೇಳಿಬಿಟ್ಟಿದ್ದಳು.

ಕೂತೆ. ಕಾಲು ನೀಡಿದೆ. ಅವಳು ಬಗ್ಗಿ ಮಗುವನ್ನು ನನ್ನ ಕಣಕಾಲಿನ ಮೇಲೆ ಮಲಗಿಸಿದಳು, ಆದರೆ ಕೈ ತೆಗೆಯಲಿಲ್ಲ. ಮೊದಲ ತಂಬಿಗೆ ನೀರು ಬೆನ್ನಿಗೆ ಬಿದ್ದಾಗ ಮಗು ಒಮ್ಮೆ ಚೀರಿ, ಆಮೇಲೆ ಸುಮ್ಮನಾಯಿತು. ಆಗ ಅವಳು ಕೈ ತೆಗೆದಳು. ಅಷ್ಟು ಸಣ್ಣ ಬೆನ್ನು, ನನ್ನ ಅಂಗೈಯಷ್ಟೇ ಅಗಲ. ನನ್ನ ಕಣ್ಣೀರು ಯಾವುದು, ತಂಬಿಗೆಯ ನೀರು ಯಾವುದು, ಯಾರಿಗೂ ಗೊತ್ತಾಗಿರಲಾರದು. ನಮ್ಮ ಯಜಮಾನರು ಟವೆಲ್ ಹಿಡಿದು ಬಂದು ಮಗುವನ್ನು ಸುತ್ತಿಕೊಂಡು ಹೋದರು.

ಇನ್ನು ಏಳಬೇಕು ಎಂದು ಮಗ್ಗುಲಿಗೆ ವಾಲಿದೆ. ಮಗಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು. ನಿದ್ದೆಯಿಲ್ಲದ ಕಣ್ಣು, ಗಂಟುಗಟ್ಟಿದ ಕೂದಲು, ಒಂದು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡಿದ್ದಳು.

"ಅಮ್ಮ, ನಂಗೂ ಹಾಕ್ತೀಯಾ?" ಅಂದಳು.

ಅವಳು ಕೂರಲೆಂದು ಮಣೆ ಬಿಟ್ಟು ಎದ್ದೆ, ಯಾರ ಕೈಯನ್ನೂ ಹಿಡಿಯದೆ. ಎದ್ದು ನಿಂತು ಬಕೆಟ್ಟಿಗೆ ಮತ್ತೆ ಬಿಸಿನೀರು ಬಿಟ್ಟೆ.